ಓದುಗರ ಪ್ರಶ್ನೆ: ಈ ಸಲ ಪೂರ್ತಿ ವಾನೆಗಟ್

ಹೋದ ತಿಂಗಳು ಒಬ್ಬ ಓದುಗರು "ಯುದ್ಧದ ಬಗ್ಗೆ ನಗಿಸುವ ಕಾದಂಬರಿ ಬರೆಯೋಕೆ ಆಗುತ್ತಾ?" ಅಂತ ಕೇಳಿದ್ದರು. ನಾನು "ಕರ್ಟ್ ವಾನೆಗಟ್ ಓದಿ" ಎಂದು ಮೂರೇ ಪದದಲ್ಲಿ ಉತ್ತರ ಬರೆದು ಕೈ ತೊಳೆದುಕೊಂಡಿದ್ದೆ. ಸೋಮಾರಿತನಕ್ಕೆ ತಕ್ಕ ಶಾಸ್ತಿ ಆಯಿತು. ಯಾರು ಅವನು, ಏನು ಬರೆದ, ಎಲ್ಲಿಂದ ಶುರು ಮಾಡಬೇಕು ಅಂತ ಕಾಗದ, ಈಮೇಲ್, ವಾಟ್ಸಾಪ್ ಎಲ್ಲ ಕಡೆಯಿಂದ ಬಂದು ಬಿದ್ದಿವೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅವನಿಗೇ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ. ಜಾತಕದ ಬಗ್ಗೆ ಕೇಳಿದ ಇಬ್ಬರು ಮಾತ್ರ ಕಾಯುವುದು ಬೇಡ.

ಪ್ರಶ್ನೆ: ಯಾರ್ರೀ ಈ ವಾನೆಗಟ್? ಹೆಸರೇ ಕೇಳಿಲ್ಲ. (ಅಂಚೆ ನೌಕರರು, ಗದಗ)

ಉತ್ತರ: ಅಮೆರಿಕದ ಕಾದಂಬರಿಕಾರ. ಹುಟ್ಟಿದ್ದು 1922ರ ನವೆಂಬರ್ 11ರಂದು, ಇಂಡಿಯಾನಾಪೊಲಿಸ್ ಊರಲ್ಲಿ. ತೀರಿಕೊಂಡಿದ್ದು 2007ರ ಏಪ್ರಿಲ್ 11ರಂದು, ನ್ಯೂಯಾರ್ಕಿನಲ್ಲಿ. ನಡುವೆ 14 ಕಾದಂಬರಿ, ರಾಶಿ ಸಣ್ಣಕತೆ, ಲೆಕ್ಕವಿಲ್ಲದಷ್ಟು ಭಾಷಣ.

ಜರ್ಮನಿಯಿಂದ ವಲಸೆ ಬಂದವರ ಮನೆತನ. ಮುತ್ತಜ್ಜ ಹಾರ್ಡ್‌ವೇರ್ ಅಂಗಡಿ ಇಟ್ಟವನು, ತಾತ ಮತ್ತು ಅಪ್ಪ ಇಬ್ಬರೂ ಆರ್ಕಿಟೆಕ್ಟ್, ತಾಯಿಯ ಕಡೆಯವರದು ಬಿಯರ್ ಕಾರ್ಖಾನೆ. ಅಂದರೆ ಊರಲ್ಲಿ ದೊಡ್ಡ ಮನೆ. ಆಮೇಲೆ ಸರ್ಕಾರ ಮದ್ಯ ನಿಷೇಧ ಮಾಡಿತು, ಬಿಯರ್ ದುಡ್ಡು ಹೋಯಿತು. 1929ರಲ್ಲಿ ಷೇರುಪೇಟೆ ಬಿದ್ದು ಆರ್ಥಿಕ ಕುಸಿತ ಶುರುವಾಯಿತು, ಹೊಸ ಕಟ್ಟಡ ಕಟ್ಟಿಸುವವರೇ ಇಲ್ಲ, ಅಪ್ಪನ ಕೆಲಸವೂ ಹೋಯಿತು. ಅಣ್ಣ, ಅಕ್ಕ ಖಾಸಗಿ ಶಾಲೆಯಲ್ಲಿ ಓದಿದರೆ ಕೊನೆಯವನಾದ ಇವನು ಸರ್ಕಾರಿ ಶಾಲೆಗೆ. ಅದೇ ಒಳ್ಳೆಯದಾಯಿತು ಅನ್ನಿ. ಅವನ ಹೈಸ್ಕೂಲಿನಿಂದ ದಿನಾ ಒಂದು ಪತ್ರಿಕೆ ಬರುತ್ತಿತ್ತು, ವಾರಕ್ಕಲ್ಲ, ದಿನಾ! ಹುಡುಗರೇ ಬರೆದು ತರುತ್ತಿದ್ದರು. ಬರೆದದ್ದು ಚೆನ್ನಾಗಿಲ್ಲದಿದ್ದರೆ ಮೇಷ್ಟ್ರು ಕೆಂಪು ಗೆರೆ ಎಳೆಯುವ ಮೊದಲೇ ಪಕ್ಕದ ಬೆಂಚಿನವರು ಮುಖಕ್ಕೆ ಹೇಳುತ್ತಿದ್ದರು. ಅವನ ವಾಕ್ಯಗಳು ಚಿಕ್ಕದಾಗಿ, ನೇರವಾಗಿ ಇರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಅಷ್ಟು ದೊಡ್ಡ ಲೇಖಕರನ್ನು ಅವನು, ಇವನು ಅಂತೀರಲ್ಲ? (ನಿವೃತ್ತ ಶಿಕ್ಷಕಿ, ತುಮಕೂರು)

ಉತ್ತರ: ಮೇಡಂ, ಕುವೆಂಪು ಬರೆದರು ಅಂತೀವಿ, ಶೇಕ್ಸ್‌ಪಿಯರ್ ಬರೆದ ಅಂತೀವಿ. ಸಮುದ್ರ ದಾಟಿದ ಕೂಡಲೇ ನಮ್ಮ ಬಹುವಚನ ಕರಗಿಹೋಗುತ್ತೆ. ನಾನೂ ಆ ರೂಢಿಯವನೇ.

ಪ್ರಶ್ನೆ: ಆತ ನಿಜವಾಗಿಯೂ ಬಾಂಬ್ ಬಿದ್ದ ಊರಿನಲ್ಲಿ ಇದ್ದನೇ? ಅಥವಾ ಕಾದಂಬರಿಗಾಗಿ ಕಟ್ಟಿದ್ದೇ? (ಬಿ.ಎ. ವಿದ್ಯಾರ್ಥಿ, ಚಾಮರಾಜನಗರ)

ಉತ್ತರ: ಇದ್ದ. ಆ ಊರು ಜರ್ಮನಿಯ ಡ್ರೆಸ್ಡೆನ್.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಅಪ್ಪ, ಅಣ್ಣ ಇಬ್ಬರೂ "ವಿಜ್ಞಾನ ಓದು, ಉಪಯೋಗಕ್ಕೆ ಬರುವುದನ್ನು ಓದು" ಎಂದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಹುಡುಗ ರಸಾಯನಶಾಸ್ತ್ರದ ಕ್ಲಾಸಿಗಿಂತ ಅಲ್ಲಿನ ವಿದ್ಯಾರ್ಥಿ ಪತ್ರಿಕೆಯ ಆಫೀಸಿನಲ್ಲೇ ಜಾಸ್ತಿ ಇದ್ದ. ಮಾರ್ಕ್ಸ್ ಬೀಳಲಿಲ್ಲ. 1943ರಲ್ಲಿ ಸೈನ್ಯಕ್ಕೆ ಸೇರಿದ. 1944ರ ಮೇ ತಿಂಗಳಲ್ಲಿ ತಾಯಂದಿರ ದಿನಕ್ಕೆಂದು ರಜೆ ಹಾಕಿ ಮನೆಗೆ ಬಂದರೆ, ಅಮ್ಮ ನಿದ್ದೆ ಮಾತ್ರೆ ನುಂಗಿ ತೀರಿಕೊಂಡಿದ್ದಳು. ಅದೇ ವರ್ಷದ ಕೊನೆಗೆ ಇವನ ಪಡೆಯನ್ನು ಯುರೋಪಿನ ಮುಂಚೂಣಿಗೆ ಕಳಿಸಿದರು. ಹೆಚ್ಚಿನವರಿಗೆ ಅದೇ ಮೊದಲ ಯುದ್ಧ. ಹೋಗಿ ನಿಂತ ಕೆಲವೇ ದಿನಕ್ಕೆ ಜರ್ಮನರ ಕೊನೆಯ ದೊಡ್ಡ ದಾಳಿ ನೆತ್ತಿಯ ಮೇಲೆ ಬಿತ್ತು. ಸಾವಿರಾರು ಜನರ ಜೊತೆ ಇವನೂ ಸೆರೆ ಸಿಕ್ಕ.

ದನ ಸಾಗಿಸುವಂಥ ರೈಲು ಡಬ್ಬಿಗಳಲ್ಲಿ ತುಂಬಿ, ಕೊನೆಗೆ ಡ್ರೆಸ್ಡೆನ್‌ಗೆ ತಂದು, ಒಂದು ಕಸಾಯಿಖಾನೆಯ ಕಟ್ಟಡದಲ್ಲಿ ಇಟ್ಟರು. ಅದರ ನಂಬರ್ 5. ಕಾದಂಬರಿಯ ಹೆಸರು, ಸ್ಲಾಟರ್‌ಹೌಸ್-ಫೈವ್, ಅಲ್ಲಿಂದ ಬಂದಿದ್ದು. ಕೆಲಸ ಏನು ಗೊತ್ತಾ? ಗರ್ಭಿಣಿಯರಿಗಾಗಿ ವಿಟಮಿನ್ ಬೆರೆಸಿದ ಮಾಲ್ಟ್ ಪಾಕ ತಯಾರಿಸುವ ಕಾರ್ಖಾನೆಯಲ್ಲಿ ಕೂಲಿ. ಹೊಟ್ಟೆಗಿಲ್ಲದ ಸೈನಿಕರು, ಎದುರಿಗೆ ಕೊಳಗಟ್ಟಲೆ ಸಿಹಿ ಪಾಕ! ಕಾದಂಬರಿಯಲ್ಲಿ ಒಂದು ಪುಟ್ಟ ದೃಶ್ಯ ಬರುತ್ತೆ. ನಾಯಕ ಬಿಲ್ಲಿ ಕದ್ದು ಒಂದು ಚಮಚ ಪಾಕ ನೆಕ್ಕುತ್ತಾನೆ, ಮೈಯ ಒಂದೊಂದು ಕಣವೂ ಎದ್ದು ಕುಣಿದ ಹಾಗಾಗುತ್ತೆ. ಆಮೇಲೆ ಇನ್ನೊಂದು ಚಮಚ ಅದ್ದಿ ಕಿಟಕಿಯಾಚೆ ನಿಂತ ಹಿರಿಯ ಸೈನಿಕನ ಬಾಯಿಗೆ ಇಡುತ್ತಾನೆ, ಆ ದೊಡ್ಡ ಮನುಷ್ಯ ಅಳೋಕೆ ಶುರು ಮಾಡುತ್ತಾನೆ. ಬಾಂಬು ಬೀಳುವ ಪುಟಗಳಿಗಿಂತ ನನಗೆ ಇದೇ ನೆನಪಿರುವುದು.

1945ರ ಫೆಬ್ರುವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು, ಆಮೇಲೆ ಅಮೆರಿಕದ್ದೇ ವಿಮಾನಗಳು ಬಂದವು. ಊರು ಉರಿದುಹೋಯಿತು. ಇವರನ್ನೂ ಕಾವಲುಗಾರರನ್ನೂ ಉಳಿಸಿದ್ದು ನೆಲದಡಿಯಲ್ಲಿ ಮಾಂಸ ತೂಗುಹಾಕುವ ತಂಪು ಕೋಣೆ. ದನ ಕಡಿಯುವ ಜಾಗದಲ್ಲಿದ್ದವರು ಬದುಕಿದರು, ಮನೆಯಲ್ಲಿದ್ದವರು ಸತ್ತರು. ಮುಂದೆ ಎಷ್ಟೋ ದಿನ ಸೆರೆಯಾಳುಗಳಿಗೆ ನೆಲಮಾಳಿಗೆಗಳಿಂದ ಹೆಣ ಹೊರತೆಗೆಯುವ ಕೆಲಸ. ಊರಿನವರು ಬೈದರು, ಕಲ್ಲು ಹೊಡೆದರು. ಇವರ ಜೊತೆಗಿದ್ದ ಒಬ್ಬ ಸೈನಿಕ ಅವಶೇಷದಲ್ಲಿ ಸಿಕ್ಕ ಆಹಾರದ ಡಬ್ಬಿ ತೆಗೆದುಕೊಂಡ ಅಂತ ಅವನನ್ನು ಗುಂಡಿಟ್ಟು ಕೊಂದರು. ಕಾದಂಬರಿಯಲ್ಲಿ ಅದು ಚಹಾ ಕೆಟಲ್ ಆಗಿದೆ.

ಒಂದು ತಿದ್ದುಪಡಿ ಹೇಳಲೇಬೇಕು. ಸತ್ತವರು 1,35,000 ಎಂದು ಕಾದಂಬರಿಯಲ್ಲಿದೆ. ಆಗಿನ ಒಂದು ಪುಸ್ತಕದಿಂದ ಎತ್ತಿಕೊಂಡ ಲೆಕ್ಕ ಅದು, ತಪ್ಪು ಲೆಕ್ಕ. ಡ್ರೆಸ್ಡೆನ್ ನಗರವೇ ನೇಮಿಸಿದ ಇತಿಹಾಸಕಾರರ ಸಮಿತಿ 2010ರಲ್ಲಿ ಹೆಚ್ಚೆಂದರೆ 25,000 ಎಂದಿತು. 25,000 ಏನು ಕಮ್ಮಿಯೇ ಅಂತ ಕೇಳಬೇಡಿ, ಕಮ್ಮಿಯಲ್ಲ. ಆದರೆ ಸುಳ್ಳು ಸಂಖ್ಯೆ ಹಿಡಿದು ಕುಣಿಯುವವರು ಜರ್ಮನಿಯಲ್ಲಿ ಇವತ್ತಿಗೂ ಇದ್ದಾರೆ, ಹಾಗಾಗಿ ಸರಿಯಾದದ್ದು ಗೊತ್ತಿರಲಿ.

ಪ್ರಶ್ನೆ: 1945ರಲ್ಲಿ ಕಂಡದ್ದನ್ನು 1969ರಲ್ಲಿ ಬರೆದನಂತೆ. 24 ವರ್ಷ ಏನು ಮಾಡುತ್ತಿದ್ದ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಬರೆದು ಬರೆದು ಹರಿಯುತ್ತಿದ್ದ.

ತಮಾಷೆ ಏನೆಂದರೆ, ಹೇಗೆ ಬರೆಯಬೇಕು ಅನ್ನುವುದು ಅವನಿಗೆ ಮೊದಲ ವಾರದಲ್ಲೇ ಗೊತ್ತಿತ್ತು. ಬಿಡುಗಡೆಯಾದ ಮೇಲೆ 1945ರ ಮೇ 29ರಂದು ಫ್ರಾನ್ಸಿನ ಶಿಬಿರದಿಂದ ಮನೆಗೆ ಒಂದು ಕಾಗದ ಬರೆದ. ಆಗ ಅವನಿಗೆ 22 ವರ್ಷ. ಹಸಿವಿನಿಂದ ಸೋತವರು ಸ್ನಾನದ ಬಿಸಿನೀರು ಬಿದ್ದ ಆಘಾತಕ್ಕೇ ಸತ್ತರು, ಆದರೆ ನಾನು ಸಾಯಲಿಲ್ಲ. ಡ್ರೆಸ್ಡೆನ್ ಸುಟ್ಟುಹೋಯಿತು, ಆದರೆ ನಾನು ಹೋಗಲಿಲ್ಲ. ಹೀಗೆ ಒಂದೊಂದು ಸಾವಿನ ಪಕ್ಕದಲ್ಲೂ ಅದೇ ಮಾತು, ಹಾಡಿನ ಪಲ್ಲವಿಯ ಹಾಗೆ. ಅಳು ಇಲ್ಲ, ಹೊಗಳಿಕೆ ಇಲ್ಲ, ದೇಶಭಕ್ತಿಯ ಮಾತಿಲ್ಲ. ಮುಂದೆ ಜಗತ್ತು ಮೆಚ್ಚಿದ ಧ್ವನಿ ಇದೆಯಲ್ಲ, ಅದು ಆ ಕಾಗದದಲ್ಲೇ ಇದೆ. ಪುಣ್ಯಾತ್ಮನಿಗೆ ಅದು ತನ್ನ ಜೇಬಲ್ಲೇ ಇದೆ ಅಂತ ತಿಳಿಯೋಕೆ 24 ವರ್ಷ ಬೇಕಾಯಿತು.

ಯಾಕೆಂದರೆ ನಡುವೆ ಅವನು "ದೊಡ್ಡ ಯುದ್ಧ ಕಾದಂಬರಿ" ಬರೆಯೋಕೆ ಹೋದ. ಮಗಳ ಬಣ್ಣದ ಕ್ರೇಯಾನ್ ಎತ್ತಿಕೊಂಡು, ಗೋಡೆಗೆ ಅಂಟಿಸುವ ಕಾಗದದ ಸುರುಳಿಯ ಹಿಂಬದಿಯಲ್ಲಿ ಕತೆಯ ನಕ್ಷೆ ಹಾಕಿದ್ದನಂತೆ. ಪಾತ್ರಕ್ಕೊಂದು ಬಣ್ಣದ ಗೆರೆ. ಬಾಂಬ್ ದಾಳಿ ಅಂದರೆ ಅಡ್ಡಲಾಗಿ ಕಿತ್ತಳೆ ಬಣ್ಣದ ಪಟ್ಟಿ, ಬದುಕಿದವರ ಗೆರೆ ಮಾತ್ರ ಅದನ್ನು ದಾಟಿ ಮುಂದೆ ಹೋಗುತ್ತೆ. ನೋಡೋಕೆ ಚೆಂದ. ಕಾದಂಬರಿ ಮಾತ್ರ ಆಗಲಿಲ್ಲ.

ಕೊನೆಗೆ ಜೊತೆಗೆ ಸೆರೆಯಲ್ಲಿದ್ದ ಗೆಳೆಯ ಬರ್ನಾರ್ಡ್ ಒಹೇರ್ ಮನೆಗೆ ಹೋದ, ಇಬ್ಬರೂ ಕೂತು ನೆನಪು ಮಾಡಿಕೊಳ್ಳೋಣ ಅಂತ. ಈ ಭಾಗವನ್ನು ಅವನೇ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಹೇಳಿಕೊಂಡಿದ್ದಾನೆ. ಬೆಚ್ಚಗಿನ ಕೋಣೆ, ಮೆತ್ತನೆ ಕುರ್ಚಿ, ವಿಸ್ಕಿ ಎಲ್ಲ ಕಣ್ಣಮುಂದೆ ಕಟ್ಟಿಕೊಂಡು ಹೋಗಿದ್ದ. ಗೆಳೆಯನ ಹೆಂಡತಿ ಮೇರಿ ಇವರನ್ನು ಕೂರಿಸಿದ್ದು ಅಡುಗೆಮನೆಯಲ್ಲಿ, ಬಿಳಿ ಪಿಂಗಾಣಿಯ ಮೇಜಿನ ಮುಂದೆ, ಮೇಲೆ 200 ವ್ಯಾಟ್ ಬಲ್ಬು. ಆಪರೇಷನ್ ಥಿಯೇಟರಿನ ಹಾಗೆ! ಇವರು ಮಾತಿಗೆ ಶುರುಮಾಡಿದರೆ ಆಕೆ ಆಚೆ ಬಾಗಿಲು ಬಡಿಯುತ್ತಾಳೆ, ಮೇಜು ಕುರ್ಚಿ ಸರಿಸುತ್ತಾಳೆ, ಐಸ್ ಟ್ರೇಯನ್ನು ಸಿಂಕಿಗೆ ಕುಕ್ಕುತ್ತಾಳೆ. ನಮ್ಮ ಮನೆಗಳಲ್ಲೂ ಪಾತ್ರೆ ಸದ್ದಿನಲ್ಲೇ ಸಿಟ್ಟಿನ ಅಳತೆ ಗೊತ್ತಾಗುತ್ತಲ್ಲ, ಅದೇ ಭಾಷೆ.

ಕೊನೆಗೆ ಬಂದು ಎದುರು ನಿಂತು ಹೇಳಿದಳು: ಆಗ ನೀವು ಬರೀ ಮಕ್ಕಳು, ಈಗ ಕಾದಂಬರಿಯಲ್ಲಿ ಗಂಡಸರ ಹಾಗೆ ನಟಿಸುತ್ತೀರಿ, ಸಿನಿಮಾ ಆದಾಗ ದೊಡ್ಡ ಹೀರೋಗಳು ನಿಮ್ಮ ಪಾತ್ರ ಮಾಡುತ್ತಾರೆ, ಯುದ್ಧ ಅಂದರೆ ಚೆಂದ ಅನ್ನಿಸುತ್ತೆ, ಇನ್ನಷ್ಟು ಮಕ್ಕಳು ಸಾಯುತ್ತಾರೆ. ವಾನೆಗಟ್ ಕೈಯೆತ್ತಿ ಮಾತು ಕೊಟ್ಟ: ಹಾಗೆ ಬರೆಯಲ್ಲ, ಪುಸ್ತಕಕ್ಕೆ "ಮಕ್ಕಳ ಧರ್ಮಯುದ್ಧ" ಎಂದೇ ಹೆಸರಿಡುತ್ತೇನೆ. ಅದು ಉಪಶೀರ್ಷಿಕೆ ಆಯಿತು. ಪುಸ್ತಕದ ಅರ್ಪಣೆಯೂ ಆಕೆಗೇ, ಜೊತೆಗೆ ಡ್ರೆಸ್ಡೆನ್ನಿನ ಒಬ್ಬ ಟ್ಯಾಕ್ಸಿ ಡ್ರೈವರ್‌ಗೆ. 1967ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ದುಡ್ಡಿನಲ್ಲಿ ಒಹೇರ್‌ನನ್ನು ಕರೆದುಕೊಂಡು ಮತ್ತೆ ಆ ಊರಿಗೆ ಹೋದಾಗ ಸಿಕ್ಕವನು ಅವನು.

ಪುಸ್ತಕ ಬಂದಾಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಅಮೆರಿಕದ ಹುಡುಗರು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. 46ನೇ ವಯಸ್ಸಿಗೆ ವಾನೆಗಟ್ ಪ್ರಸಿದ್ಧನಾದ.

ಪ್ರಶ್ನೆ: ಆ ಪುಸ್ತಕದಲ್ಲಿ ಪದೇ ಪದೇ ಬರುವ "ಸೋ ಇಟ್ ಗೋಸ್" ಅನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? (ಅನುವಾದಕಿ, ಮಂಗಳೂರು)

ಉತ್ತರ: ನಿದ್ದೆ ಕೆಡಿಸುವ ಪ್ರಶ್ನೆ ಕೇಳಿದಿರಿ. ಯಾರೇ ಸತ್ತರೂ, ಏನೇ ಸತ್ತರೂ ಆ ಮಾತು ಬರುತ್ತೆ, ಒಟ್ಟು 106 ಸಲ. ಮನುಷ್ಯ ಸತ್ತರೂ ಅದೇ, ಕೋಟಿನ ಚಿಗಟ ಸತ್ತರೂ ಅದೇ, ಬಾಟಲಿಯಲ್ಲಿ ಉಳಿದ ಷಾಂಪೇನಿನ ನೊರೆ ಹೋದರೂ ಅದೇ. "ವಿಧಿಯಾಟ" ಅಂದರೆ ಕೆಟ್ಟುಹೋಯಿತು, ಹಾರ್ಮೋನಿಯಂ ಶುರುವಾದ ಹಾಗೆ. "ಎಲ್ಲ ಅವನಿಚ್ಛೆ" ಅಂದರೆ ಇನ್ನೂ ಕೆಟ್ಟಿತು, ಅಲ್ಲಿ ಅವನೇ ಇಲ್ಲ. "ಹಾಗೇ ನಡೆಯುತ್ತದೆ" ಸರಿಯಾಗಿದೆ, ಆದರೆ ಪರೀಕ್ಷೆ ಉತ್ತರದ ಹಾಗಿದೆ. ನನಗೆ ತೋಚಿದ್ದು ನಮ್ಮಜ್ಜಿ ಸಾವಿನ ಸುದ್ದಿ ಕೇಳಿದಾಗ, ಅಕ್ಕಿ ಆರಿಸುವ ಕೈ ನಿಲ್ಲಿಸದೆ ಹೇಳುತ್ತಿದ್ದ ಮಾತು: "ಹಂಗೇ ಅದು." 106 ಸಲ ಹೇಳಿ ನೋಡಿ. ಮೊದಲು ತಣ್ಣಗೆ ಕೇಳಿಸುತ್ತೆ, ಆಮೇಲೆ ನಗು ಬರುತ್ತೆ, ಅರವತ್ತನೆಯ ಸಲಕ್ಕೆ ಗಂಟಲು ಕಟ್ಟುತ್ತೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಬರೆದು ಕಳಿಸಿ, ನನ್ನದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಕೆಲಸ ಬಿಟ್ಟು ಪೂರ್ಣಾವಧಿ ಲೇಖಕ ಆಗಬೇಕು ಅಂತಿದ್ದೀನಿ. ವಾನೆಗಟ್ ಹೊಟ್ಟೆಪಾಡಿಗೆ ಏನು ಮಾಡಿದ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಮೊದಲು ಇದನ್ನು ಓದಿ, ಆಮೇಲೆ ರಾಜೀನಾಮೆ ಬರೆಯಿರಿ.

ಯುದ್ಧ ಮುಗಿದ ಮೇಲೆ ಮದುವೆಯಾಗಿ ಷಿಕಾಗೋದಲ್ಲಿ ಓದುತ್ತಾ, ಒಂದು ಸುದ್ದಿಸಂಸ್ಥೆಗೆ ಪೊಲೀಸ್ ಠಾಣೆ ವರದಿ ಮಾಡುತ್ತಿದ್ದ. 1947ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಚಾರ ವಿಭಾಗಕ್ಕೆ ಸೇರಿದ. ಕಂಪನಿಯ ವಿಜ್ಞಾನಿಗಳು ಏನು ಮಾಡಿದರು ಅಂತ ಪತ್ರಿಕೆಗಳಿಗೆ ಬರೆದು ಕಳಿಸುವ ಕೆಲಸ. ರಾತ್ರಿ ಹೊತ್ತು ಕತೆ. 1949ರಲ್ಲಿ ಕಾಲಿಯರ್ಸ್ ವಾರಪತ್ರಿಕೆ ಮೊದಲ ಕತೆ ತೆಗೆದುಕೊಂಡಿತು, 750 ಡಾಲರ್. ಚೆಕ್ ಬಂದ ಕೂಡಲೇ ಅಪ್ಪನಿಗೆ ಕಾಗದ ಬರೆದ: ಈ ದುಡ್ಡು ಬ್ಯಾಂಕಿಗೆ ಹಾಕಿದ್ದೀನಿ, ಇಂಥ ಇನ್ನೂ ನಾಲ್ಕು ಕತೆ ಹೋದರೆ ಒಂದು ವರ್ಷದ ಸಂಬಳ ಆಗುತ್ತೆ, ಆಮೇಲೆ ಈ ದರಿದ್ರ ನೌಕರಿ ಬಿಡ್ತೀನಿ, ಜನ್ಮದಲ್ಲಿ ಇನ್ನೊಂದು ಹಿಡಿಯಲ್ಲ, ದೇವರಾಣೆ. ಅಪ್ಪ ಆ ಕಾಗದವನ್ನು ಹಲಗೆಗೆ ಅಂಟಿಸಿ, ಮೇಲೆ ವಾರ್ನಿಷ್ ಹೊಡೆದು ಇಟ್ಟುಕೊಂಡ. ಹಿಂಬದಿಯಲ್ಲಿ ಶೇಕ್ಸ್‌ಪಿಯರ್ ನಾಟಕದಿಂದ ಆಣೆಯ ಬಗ್ಗೆ ಒಂದು ಸಾಲು ಬರೆದಿಟ್ಟ. ನೋಡಿ, ಲೆಕ್ಕ ಹಾಕಿ ಕೆಲಸ ಬಿಟ್ಟವನು ಅವನು. ನಿಮ್ಮ ಬ್ಯಾಂಕಿನಲ್ಲಿ ಒಂದು ವರ್ಷದ ಸಂಬಳ ಇದೆಯಾ?

1951ರಲ್ಲಿ ಕೆಲಸ ಬಿಟ್ಟು ಕೇಪ್ ಕಾಡ್ ಎಂಬ ಕಡಲ ತೀರಕ್ಕೆ ಮನೆ ಬದಲಿಸಿದ. ಆದರೆ ಆಣೆ ಉಳಿಯಲಿಲ್ಲ. ಟಿ.ವಿ. ಬಂತು, ಕತೆ ಕೊಳ್ಳುವ ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಾಲಿಯರ್ಸ್ 1957ರ ಜನವರಿಯಲ್ಲಿ ನಿಂತಿತು. ಹೊಟ್ಟೆಪಾಡಿಗೆ ಪಾಠ ಹೇಳಿದ, ಜಾಹೀರಾತು ಬರೆದ. ಕೊನೆಗೆ ಸ್ವೀಡನ್ನಿನ ಸಾಬ್ ಕಾರಿನ ಏಜೆನ್ಸಿ ಹಾಕಿದ. ಹೌದು, ಕಾರ್ ಮಾರಿದ! ಆಗಿನ ಸಾಬ್‌ಗೆ ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಈ ಸಂಕಟ ಗೊತ್ತು, ಹಿಂದೆ ಬರುವವರಿಗೆ ಹೊಗೆಯ ಆಶೀರ್ವಾದ ಬೇರೆ. ಅಮೆರಿಕನ್ನರಿಗೆ ಇದೆಲ್ಲ ಎಲ್ಲಿ ಅಭ್ಯಾಸ? ವ್ಯಾಪಾರ ಮುಳುಗಿತು. ಸ್ವೀಡನ್ನಿನ ಕಾರನ್ನು ಅಷ್ಟು ಬೈದಿದ್ದಕ್ಕೇ ಸ್ವೀಡನ್ನಿನವರು ನನಗೆ ನೊಬೆಲ್ ಕೊಡಲಿಲ್ಲ ಅಂತ ಮುದುಕನಾದ ಮೇಲೆ ತಮಾಷೆ ಮಾಡುತ್ತಿದ್ದ.

1965ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟಕ್ಕೆ ಮೇಷ್ಟ್ರಾಗಿ ಹೋಗುವಾಗ ಕೈಯಲ್ಲಿ ದುಡ್ಡಿರಲಿಲ್ಲ, ಆವರೆಗಿನ ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅಲ್ಲಿ ಕೂತೇ ಡ್ರೆಸ್ಡೆನ್ ಪುಸ್ತಕ ದಾರಿಗೆ ಬಂದಿದ್ದು.

ಪ್ರಶ್ನೆ: ಅವರ ಅಣ್ಣ ಮಳೆ ಬರಿಸುತ್ತಿದ್ದರು ಅಂತ ನನ್ನ ಮಗ ಹೇಳ್ತಾನೆ. ನಿಜವಾ? (ರೈತರು, ಜಗಳೂರು)

ಉತ್ತರ: ನಿಮ್ಮ ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್. 2017ರಲ್ಲಿ ನಮ್ಮ ಸರ್ಕಾರ "ವರ್ಷಧಾರಿ" ಅಂತ ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿಸಿತಲ್ಲ, ಅದಕ್ಕೆ ಬಳಸುವ ಸಿಲ್ವರ್ ಅಯೊಡೈಡ್ ಇದೆಯಲ್ಲ, ಮೋಡದೊಳಗಿನ ತಣ್ಣನೆ ನೀರನ್ನು ಅದು ಹಿಮದ ಹರಳು ಮಾಡುತ್ತೆ ಅಂತ 1946ರಲ್ಲಿ ಕಂಡುಹಿಡಿದವನು ಅಣ್ಣ ಬರ್ನಾರ್ಡ್ ವಾನೆಗಟ್. ಅದೇ ಜನರಲ್ ಎಲೆಕ್ಟ್ರಿಕ್‌ನ ಪ್ರಯೋಗಾಲಯದಲ್ಲಿ. ಮಳೆ ಎಷ್ಟು ಬಂತು ಅಂತ ನನ್ನನ್ನು ಕೇಳಬೇಡಿ, ಜಗಳೂರಿನವರು ನೀವೇ ಹೇಳಬೇಕು.

ಆದರೆ ತಮ್ಮ ಆ ಹರಳನ್ನು ಎಲ್ಲಿಗೆ ತೆಗೆದುಕೊಂಡು ಹೋದ ನೋಡಿ. ಅದೇ ಲ್ಯಾಬಿನ ನೊಬೆಲ್ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, ಹಿಂದೆ ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ ಈ ಕಂಪನಿಯನ್ನು ನೋಡೋಕೆ ಬಂದಿದ್ದಾಗ ಅವನಿಗೆ ಒಂದು ಕತೆಯ ಎಳೆ ಕೊಟ್ಟಿದ್ದ: ಕೋಣೆಯ ಉಷ್ಣತೆಯಲ್ಲೂ ಕರಗದ ಹಿಮ ಇದ್ದರೆ ಹೇಗೆ? ವೆಲ್ಸ್ ಅದನ್ನು ಮುಟ್ಟಲಿಲ್ಲ. ಇಬ್ಬರೂ ತೀರಿಕೊಂಡ ಮೇಲೆ, ಸಿಕ್ಕಿದವನಿಗೆ ಸೀರುಂಡೆ ಅಂತ ವಾನೆಗಟ್ ಎತ್ತಿಕೊಂಡ. 1963ರ "ಕ್ಯಾಟ್ಸ್ ಕ್ರೇಡಲ್" ಕಾದಂಬರಿಯ "ಐಸ್-ನೈನ್" ಅದು. ಒಂದು ಚೂರು ನೀರಿಗೆ ಬಿದ್ದರೆ ಮುಗಿಯಿತು, ಕೆರೆ, ನದಿ, ಸಮುದ್ರ ಎಲ್ಲ ಗಟ್ಟಿ. ಕಾದಂಬರಿಯಲ್ಲಿ ಅದನ್ನು ಕಂಡುಹಿಡಿದ ವಿಜ್ಞಾನಿ ಕೆಟ್ಟವನೇನಲ್ಲ, ಅದೇ ಹೆದರಿಕೆ ಹುಟ್ಟಿಸುವುದು. ಹಿರೋಶಿಮಾದ ಮೇಲೆ ತನ್ನದೇ ಬಾಂಬು ಬಿದ್ದ ದಿನ ಅವನು ಬೆರಳಿಗೆ ದಾರ ಸಿಕ್ಕಿಸಿಕೊಂಡು ಮಕ್ಕಳಾಟ ಆಡುತ್ತಾ ಕೂತಿರುತ್ತಾನೆ.

ಪ್ರಶ್ನೆ: ನನ್ನ ಗೈಡ್ ಪ್ರಬಂಧವನ್ನು ಮೂರು ಸಲ ವಾಪಸ್ ಕಳಿಸಿದ್ದಾರೆ. ವಾನೆಗಟ್ ಏನಾದರೂ ಸಮಾಧಾನ ಹೇಳ್ತಾನಾ? (ಸಂಶೋಧನಾ ವಿದ್ಯಾರ್ಥಿ, ಧಾರವಾಡ)

ಉತ್ತರ: ಷಿಕಾಗೋ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗ ಇವನ ಪ್ರಬಂಧವನ್ನು ಸರ್ವಾನುಮತದಿಂದ ತಿರಸ್ಕರಿಸಿತ್ತು. ಜಾನಪದ ಕತೆಗಳಲ್ಲಿ ಸುಖ ದುಃಖ ಏರಿಳಿಯುವುದನ್ನು ಗ್ರಾಫ್ ಹಾಕಿ ತೋರಿಸಬಹುದು ಅಂತ ಅವನ ವಾದ. ಡಿಗ್ರಿ ಇಲ್ಲದೆ ಹೊರಬಂದ. 1971ರಲ್ಲಿ, ಅಷ್ಟರಲ್ಲಿ ಮನುಷ್ಯ ಪ್ರಸಿದ್ಧನಾಗಿದ್ದ, ಅದೇ ವಿಶ್ವವಿದ್ಯಾಲಯ "ಕ್ಯಾಟ್ಸ್ ಕ್ರೇಡಲ್" ಕಾದಂಬರಿಯನ್ನೇ ಪ್ರಬಂಧ ಅಂತ ಒಪ್ಪಿಕೊಂಡು ಎಂ.ಎ. ಕೊಟ್ಟಿತು. ಆ ಗ್ರಾಫನ್ನು ಅವನು ಬಿಡಲಿಲ್ಲ, ಮುಂದೆ ಸಭೆಗಳಲ್ಲಿ ಕರಿಹಲಗೆ ಮೇಲೆ ಸಿಂಡ್ರೆಲಾಳ ಗೆರೆ ಎಳೆದು ಜನರನ್ನು ನಗಿಸುತ್ತಿದ್ದ. ನಿಮ್ಮ ಗೈಡ್‌ಗೆ ಇದನ್ನು ತೋರಿಸಬೇಡಿ.

ಪ್ರಶ್ನೆ: "ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ" ಅಂತ ಶುರುವಾಗುವ ಅವರ ಭಾಷಣ ವಾಟ್ಸಾಪ್‌ನಲ್ಲಿ ಬಂತು. ತುಂಬ ಇಷ್ಟ ಆಯ್ತು. (ಗೃಹಿಣಿ, ಉಡುಪಿ)

ಉತ್ತರ: ಇಷ್ಟಪಡಿ, ಆದರೆ ಅದು ಅವನದಲ್ಲ. ಷಿಕಾಗೋ ಟ್ರಿಬ್ಯೂನ್‌ನಲ್ಲಿ ಮೇರಿ ಶ್ಮಿಕ್ ಎಂಬ ಅಂಕಣಕಾರ್ತಿ 1997ರ ಜೂನ್ 1ರಂದು ಬರೆದದ್ದು. ಯಾರೋ ಅದನ್ನು ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ವಾನೆಗಟ್ ಮಾಡಿದ ಘಟಿಕೋತ್ಸವ ಭಾಷಣ ಅಂತ ಈಮೇಲ್‌ನಲ್ಲಿ ಹಬ್ಬಿಸಿದರು. ಆ ವರ್ಷ ಅಲ್ಲಿ ಮಾತಾಡಿದ್ದು ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್. ವಾಟ್ಸಾಪ್ ಹುಟ್ಟುವ ಮೊದಲೇ ಫಾರ್ವರ್ಡ್ ರೋಗ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ.

ಪ್ರಶ್ನೆ: ಇಷ್ಟು ನಗಿಸುವವರು ಮನೆಯಲ್ಲೂ ಹಾಗೇ ಇದ್ದರಾ? (ನರ್ಸ್, ದಾವಣಗೆರೆ)

ಉತ್ತರ: ಇರಲಿಲ್ಲ. ಬರೆಯುವ ಹೊತ್ತಿನಲ್ಲಿ ಸದ್ದಾದರೆ ಸಿಡಿಯುವ ಅಪ್ಪ. ಮೊದಲ ಹೆಂಡತಿ ಜೇನ್, ದುಡ್ಡಿಲ್ಲದ ವರ್ಷಗಳಲ್ಲೆಲ್ಲ ಇವನು ದೊಡ್ಡ ಲೇಖಕ ಆಗುತ್ತಾನೆ ಅಂತ ನಂಬಿ ಸಂಸಾರ ತೂಗಿಸಿದವಳು. ಪುಸ್ತಕ ಗೆದ್ದ ಸ್ವಲ್ಪ ದಿನಕ್ಕೇ ಇಬ್ಬರೂ ಬೇರೆಯಾದರು. ಅವನು ನ್ಯೂಯಾರ್ಕಿಗೆ ಹೋಗಿ, ಮುಂದೆ ಫೋಟೋಗ್ರಾಫರ್ ಜಿಲ್ ಕ್ರೆಮೆಂಟ್ಸ್‌ಳನ್ನು ಮದುವೆಯಾದ. ಈ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಜೇನ್ ಕಡೆಗೆ.

ಆದರೆ 1958 ಒಂದನ್ನು ಹೇಳಬೇಕು. ಅಕ್ಕ ಆಲಿಸ್ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಕೊನೆ ದಿನ ಎಣಿಸುತ್ತಿದ್ದಳು. ಸೆಪ್ಟೆಂಬರ್ 15ರಂದು ಅವಳ ಗಂಡ ಕುಳಿತಿದ್ದ ರೈಲು ನ್ಯೂಜೆರ್ಸಿಯಲ್ಲಿ ತೆರೆದಿದ್ದ ಸೇತುವೆಯಿಂದ ನೀರಿಗೆ ಬಿತ್ತು. ಒಂದೆರಡು ದಿನದ ಅಂತರದಲ್ಲಿ ಇಬ್ಬರೂ ಇಲ್ಲ, ನಾಲ್ಕು ಗಂಡುಮಕ್ಕಳು ಅನಾಥ. ದೊಡ್ಡ ಮೂವರನ್ನು ಕರ್ಟ್ ಮತ್ತು ಜೇನ್ ಮನೆಗೆ ಕರೆತಂದು ಸಾಕಿದರು. ತಮ್ಮದೇ ಮೂರು ಮಕ್ಕಳಿದ್ದವು, ಕೈಯಲ್ಲಿ ಕಾಸಿರಲಿಲ್ಲ. ತಾನು ಯಾವಾಗಲೂ ಒಬ್ಬಳಿಗಾಗಿ ಬರೆಯುತ್ತಿದ್ದೆ, ಆಕೆ ಆಲಿಸ್, ಸತ್ತ ಮೇಲೂ ಬಹಳ ವರ್ಷ ಆಕೆಗೇ ಬರೆದೆ ಅಂತ ಮುಂದೆ ಹೇಳಿಕೊಂಡಿದ್ದಾನೆ. ಅವನ ಜೋಕುಗಳು ಮನೆಯ ಕಿರಿಯ ತಮ್ಮ ಅಕ್ಕನನ್ನು ನಗಿಸೋಕೆ ಹೇಳಿದ ಹಾಗಿರುತ್ತವೆ, ನನಗಂತೂ ಹಾಗೇ ಕೇಳಿಸುತ್ತೆ.

ಖಿನ್ನತೆ ಜೀವನಪೂರ್ತಿ ಬಿಡಲಿಲ್ಲ. 1984ರಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ, ಉಳಿದ, ಆಮೇಲೆ ಅದನ್ನೂ ಮುಚ್ಚಿಡದೆ ಬರೆದ.

ಪ್ರಶ್ನೆ: ಅವರ ಪುಸ್ತಕ ಸುಟ್ಟಿದ್ದರಂತೆ, ಅಮೆರಿಕದಲ್ಲಿ! (ಗ್ರಂಥಪಾಲಕರು, ವಿಜಯಪುರ)

ಉತ್ತರ: 1973ರ ನವೆಂಬರ್, ನಾರ್ತ್ ಡಕೋಟಾದ ಡ್ರೇಕ್ ಎಂಬ ಸಣ್ಣ ಊರು. ಒಬ್ಬ ಯುವ ಮೇಷ್ಟ್ರು ಸ್ಲಾಟರ್‌ಹೌಸ್-ಫೈವ್ ಪಾಠಕ್ಕೆ ಇಟ್ಟರು. ಬೈಗುಳ ಇದೆ ಅಂತ ಶಾಲಾ ಮಂಡಳಿಯವರು 32 ಪ್ರತಿ ತೆಗೆದುಕೊಂಡು ಹೋಗಿ ಶಾಲೆಯದೇ ಒಲೆಗೆ ಹಾಕಿಸಿದರು. ಊರು ಸುಟ್ಟಿದ್ದನ್ನು ಬರೆದ ಪುಸ್ತಕವನ್ನು ಸುಡುವುದು, ಇದನ್ನು ವಾನೆಗಟ್ ಕತೆಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಅವನು ಮಂಡಳಿಯ ಅಧ್ಯಕ್ಷರಿಗೆ ಒಂದು ಕಾಗದ ಬರೆದ. ಕಿರುಚಾಟ ಇಲ್ಲ. ನಾನು ನಿಜವಾಗಿ ಇರುವ ಮನುಷ್ಯ, ಸೈನ್ಯದಲ್ಲಿದ್ದವನು, ಆರು ಮಕ್ಕಳನ್ನು ಸಾಕಿದವನು, ನಿಮ್ಮ ಮಾತಿನಿಂದ ನೋವಾಯಿತು, ಬೈಗುಳದಿಂದ ಮಕ್ಕಳು ಕೆಡುವುದಿಲ್ಲ, ದೊಡ್ಡವರ ಸುಳ್ಳಿನಿಂದ ಕೆಡುತ್ತಾರೆ ಅನ್ನುವ ಧಾಟಿ.

ಇನ್ನೊಂದು ಕಡೆ, ನ್ಯೂಯಾರ್ಕ್ ರಾಜ್ಯದಲ್ಲಿ, ಶಾಲಾ ಲೈಬ್ರರಿಯಿಂದ ಇದನ್ನೂ ಬೇರೆ ಪುಸ್ತಕಗಳನ್ನೂ ತೆಗೆದಾಗ ವಿದ್ಯಾರ್ಥಿಗಳೇ ಕೋರ್ಟಿಗೆ ಹೋದರು. 1982ರಲ್ಲಿ ಸುಪ್ರೀಂ ಕೋರ್ಟ್ ಅವರ ಕಡೆಗೆ ನಿಂತಿತು, ಅದೂ ಒಂದೇ ಮತದ ಅಂತರದಲ್ಲಿ.

ಪ್ರಶ್ನೆ: ದೇವರನ್ನು ನಂಬುತ್ತಿದ್ದರಾ? (ಹೆಸರು ಬೇಡ ಎಂದವರು, ಶಿವಮೊಗ್ಗ)

ಉತ್ತರ: ಇಲ್ಲ. ವಿಜ್ಞಾನ ಕತೆಗಾರ ಐಸಾಕ್ ಅಸಿಮೋವ್ ತೀರಿಕೊಂಡಾಗ ನಾಸ್ತಿಕರೇ ತುಂಬಿದ್ದ ಸಭೆಯಲ್ಲಿ "ಐಸಾಕ್ ಈಗ ಸ್ವರ್ಗದಲ್ಲಿದ್ದಾನೆ" ಅಂದನಂತೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ತಾನು ಸತ್ತಾಗಲೂ ಅದನ್ನೇ ಹೇಳಿ ಅಂದಿದ್ದ.

ಪ್ರಶ್ನೆ: ಸಿಗರೇಟ್ ಸೇದುತ್ತಿದ್ದರಂತೆ. ಅದರಿಂದಲೇ ಹೋದರಾ? (ವೈದ್ಯರು, ಕಲಬುರಗಿ)

ಉತ್ತರ: ಹುಡುಗನಾಗಿದ್ದಾಗಿನಿಂದ ಪಾಲ್ ಮಾಲ್, ಅದೂ ಫಿಲ್ಟರ್ ಇಲ್ಲದ್ದು. ಪ್ಯಾಕೆಟ್ ಮೇಲೆ ಕೊಲ್ಲುತ್ತೇವೆ ಅಂತ ಮಾತು ಕೊಟ್ಟು ಇನ್ನೂ ಕೊಂದಿಲ್ಲ, ಕಂಪನಿ ಮೇಲೆ ಕೇಸು ಹಾಕುತ್ತೇನೆ ಎನ್ನುತ್ತಿದ್ದ. 2000ದಲ್ಲಿ ಮನೆಗೆ ಬೆಂಕಿ ಬಿದ್ದು ಹೊಗೆಯಿಂದ ಆಸ್ಪತ್ರೆ ಸೇರಿ ಬಂದ. ಕೊನೆಗೆ ಹೋಗಿದ್ದು ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, 84ನೇ ವಯಸ್ಸಿಗೆ. ಡಾಕ್ಟ್ರೇ, ಇದನ್ನು ನಿಮ್ಮ ರೋಗಿಗಳಿಗೆ ಹೇಳಬೇಡಿ.

ಪ್ರಶ್ನೆ: ಯಾವುದರಿಂದ ಶುರು ಮಾಡಲಿ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಲೇಖಕನೇ ಮಾರ್ಕ್ಸ್ ಕೊಟ್ಟಿದ್ದಾನೆ, ನನ್ನನ್ನು ಯಾಕೆ ಕೇಳ್ತೀಯಮ್ಮ? 1981ರ ಒಂದು ಪುಸ್ತಕದಲ್ಲಿ ತನ್ನ ಆವರೆಗಿನ ಪುಸ್ತಕಗಳಿಗೆಲ್ಲ ಗ್ರೇಡ್ ಹಾಕಿದ. ಸ್ಲಾಟರ್‌ಹೌಸ್-ಫೈವ್ ಮತ್ತು ಕ್ಯಾಟ್ಸ್ ಕ್ರೇಡಲ್‌ಗೆ ಎ ಪ್ಲಸ್. ಮೊದಲ ಕಾದಂಬರಿ "ಪ್ಲೇಯರ್ ಪಿಯಾನೋ", ಯಂತ್ರಗಳು ಎಲ್ಲರ ಕೆಲಸ ಕಿತ್ತುಕೊಂಡ ದೇಶದ ಕತೆ, ಅದಕ್ಕೆ ಬಿ. (1952ರದ್ದು. ಈಗ ಓದಿದರೆ ನಾನು ಸ್ವಲ್ಪ ಜಾಸ್ತಿ ಕೊಡುತ್ತಿದ್ದೆ.) "ಸ್ಲ್ಯಾಪ್‌ಸ್ಟಿಕ್"ಗೆ ಡಿ. ಹೀಗೆ ಗ್ರೇಡ್ ಹಾಕಿದ ಆ 1981ರ ಪುಸ್ತಕಕ್ಕೂ ಅದರಲ್ಲೇ ಸಿ ಕೊಟ್ಟುಕೊಂಡ! ನೀನು ಕ್ಯಾಟ್ಸ್ ಕ್ರೇಡಲ್‌ನಿಂದ ಶುರು ಮಾಡು. ಪುಟ್ಟ ಪುಟ್ಟ ಅಧ್ಯಾಯ, 127 ಇವೆ, ಕೆಲವು ಅರ್ಧ ಪುಟದವು, ಬಸ್ಸಲ್ಲೂ ಓದಬಹುದು. ನಕ್ಕು ಮುಗಿಯುವಷ್ಟರಲ್ಲಿ ಪ್ರಪಂಚ ಮುಗಿದಿರುತ್ತೆ.

ಪ್ರಶ್ನೆ: ನಿಮ್ಮ ಈ ಉತ್ತರಗಳನ್ನೆಲ್ಲ ಅವನು ಓದಿದ್ದರೆ ನಿಮಗೆ ಯಾವ ಗ್ರೇಡ್ ಕೊಡುತ್ತಿದ್ದ? (ಸಂಪಾದಕೀಯ ವಿಭಾಗದ ಗೆಳೆಯ, ಪಕ್ಕದ ಮೇಜು)

ಉತ್ತರ: 1986ರಲ್ಲಿ "ಬ್ಯಾಕ್ ಟು ಸ್ಕೂಲ್" ಅಂತ ಒಂದು ಹಾಸ್ಯ ಸಿನಿಮಾ ಬಂತು. ವಯಸ್ಸಾದ ಮೇಲೆ ಕಾಲೇಜು ಸೇರಿದ ಶ್ರೀಮಂತನೊಬ್ಬ, ವಾನೆಗಟ್ ಬಗ್ಗೆ ಪ್ರಬಂಧ ಬರೆಯಬೇಕಾಗಿ ಬಂದಾಗ ದುಡ್ಡು ಕೊಟ್ಟು ವಾನೆಗಟ್‌ನನ್ನೇ ಕರೆಸಿ ಬರೆಸುತ್ತಾನೆ. ಬಾಗಿಲು ತೆರೆದರೆ ನಿಜವಾದ ವಾನೆಗಟ್ ನಿಂತಿರುತ್ತಾನೆ. ಪ್ರಬಂಧ ಓದಿದ ಲೆಕ್ಚರರ್ ಫೇಲ್ ಮಾಡುತ್ತಾಳೆ: ಇದನ್ನು ಯಾರೇ ಬರೆದಿರಲಿ, ಅವರಿಗೆ ವಾನೆಗಟ್ ಬಗ್ಗೆ ಏನೂ ಗೊತ್ತಿಲ್ಲ! ಅವನಿಗೇ ಆ ಗತಿ. ನನ್ನ ಗ್ರೇಡ್ ನೀನೇ ಹಾಕು, ಆದರೆ ಮೊದಲು ಟೀ ಹೇಳು.